ತುಂಡು ಬಟ್ಟೆ ‘ಆಗಲೇ ಕುಗ್ಗಿರುತ್ತದೆ’ ಎಂಬುದು ತಪ್ಪು

‘ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಹಳೆಯದು, ಆಗಲೇ ಕುಗ್ಗಿರುತ್ತದೆ, ಒಗೆಯದೆ ಹೊಲಿಯಬಹುದು’ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಬಟ್ಟೆ ಕುಗ್ಗುವುದು ವಯಸ್ಸಾಗಿ ಅಲ್ಲ, ನೀರು ತಾಗಿ. ಮಗ್ಗದಲ್ಲಿ ಬಿಗಿಯಾಗಿ ಎಳೆದಿದ್ದ ನೂಲು ನೆನೆದಾಗ ಸಡಿಲಗೊಂಡು ಹಿಂದೆ ಸರಿಯುತ್ತದೆ. ಹತ್ತಿ ಬಟ್ಟೆ ಶೇ 3ರಿಂದ 5ರಷ್ಟು ಕುಗ್ಗುವುದು ಮಾಮೂಲು; ಪಾಲಿಯೆಸ್ಟರ್ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಎರಡನ್ನೂ ಜೋಡಿಸಿ ದಿಂಬಿನ ಕವರ್ ಹೊಲಿದರೆ ಒಗೆದ ಮೇಲೆ ಹೊಲಿಗೆಯುದ್ದಕ್ಕೂ ಸುಕ್ಕು, ಪಾಲಿಯೆಸ್ಟರ್ ಕಡೆ ಉಬ್ಬು. ಇಸ್ತ್ರಿಗೂ ಅದು ಬಗ್ಗದು (ತಿಕ್ಕಿ ತಿಕ್ಕಿ ನೋಡಿದ್ದೇನೆ). ಚಿಕ್ಕ ಚೂರುಗಳನ್ನು ಮಷಿನ್‌ಗೆ ಹಾಕಬೇಡಿ, ಅಂಚಿನ ಎಳೆ ಬಿಚ್ಚಿ ಗೋಜಲಾಗುತ್ತದೆ. ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಒಣಗಿಸಿ. ಗಾಢ ಕೆಂಪು, ನೀಲಿ ಚೂರುಗಳನ್ನು ಬೇರೆ ಬೇರೆಯಾಗಿ ನೆನೆಸಿ. ಗೋಡೆಗೆ ತೂಗುಹಾಕುವ, ಎಂದೂ ಒಗೆಯದ ವಸ್ತುವಿಗಾದರೆ ಒಗೆಯದೆ ಹೊಲಿಯುವ ಆ ವಾಟ್ಸ್ಆ್ಯಪ್ ಸಲಹೆ ನಡೆದೀತು.