ಹಂಪ್ ಸಾಹೇಬ್ರ ಕೋರ್ಟಲ್ಲಿ ಮಾತ್ರ ನ್ಯಾಯ

ನಂದಿ ಬೆಟ್ಟದಲ್ಲಿ ಸೂರ್ಯ ಹುಟ್ಟೋದು ಭಾನುವಾರ ಮಾತ್ರ, ಅದೂ ಮೊದಲು ಹೋದೋರಿಗಷ್ಟೇ ಕಾಣೋದು ಅಂತ ಬೆಂಗಳೂರಿನೋರ ಕಿವಿ ಯಾರೋ ಊದಿಬಿಟ್ಟಿದಾರೆ ಅನ್ಸುತ್ತೆ. ಇಲ್ಲಾಂದ್ರೆ ಬೆಳಗಿನ ಜಾವ ನ್ಯಾಷನಲ್ ಹೈವೇ 44ರಲ್ಲಿ ದೇವನಹಳ್ಳಿ ದಾಟಿದ ಮೇಲೆ ಕಾರುಗಳು ಆ ಪರಿ ಹಾರ್ಕೊಂಡು ಬರೋಕೆ ಬೇರೆ ಕಾರಣ ನಂಗಂತೂ ಹೊಳೀತಿಲ್ಲ. ಸೂರ್ಯ ಪಾಪ ಆರು ಗಂಟೆ ಮೇಲೇ ಬರೋನು, ಮಂಜಿದ್ರೆ ಏಳಾದ್ರೂ ಮುಖ ತೋರ್ಸಲ್ಲ, ಗೇಟ್ ತೆಗೆಯೋವರ್ಗೂ ಕೆಳಗಡೆ ಸಾಲಲ್ಲಿ ನಿಂತು ಸೆಲ್ಫಿ ತಗೊಳೋದೇ ಕೆಲ್ಸ, ಆದ್ರೂ ಆ ಸಾಲಿಗೆ ಐದು ನಿಮಿಷ ಮುಂಚೆ ಸೇರ್ಕೊಳೋಕೆ ಅಂತ ರೋಡ್ ಪಕ್ಕ ಸೈಕಲ್ ತುಳ್ಕೊಂಡು ಹೋಗ್ತಿರೋನ ಮೊಣಕೈ ಸವರ್ಕೊಂಡೇ ಹೋಗ್ಬೇಕು.

ಸೈಕಲ್ಲೋರು ಅಂದ್ರೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಎರಡು ಥರ. ಒಂದು, ವೀಕೆಂಡಲ್ಲಿ ಬೆಟ್ಟ ಹತ್ತೋಕೆ ಬರೋ ಬಿಗಿ ಬಟ್ಟೆಯೋರು, ಹೆಲ್ಮೆಟ್ಟು, ಹಿಂದೆ ಮಿಣಮಿಣ ಕೆಂಪು ಲೈಟು, ಎಲ್ಲಾ ಇರುತ್ತೆ. ಇನ್ನೊಂದು ನಮ್ಮೋರೇ. ಕ್ಯಾರಿಯರ್‌ಗೆ ಹಾಲಿನ ಕ್ಯಾನ್ ಕಟ್ಕೊಂಡು ಡೈರಿಗೆ ಹೋಗೋ ತಾತ, ನೈಟ್ ಡ್ಯೂಟಿ ಮುಗಿಸಿ ಬರೋ ವಾಚ್‌ಮ್ಯಾನ್, ಆಮೇಲೆ ಸರ್ಕಾರದ ಉಚಿತ ಸೈಕಲ್ ಯೋಜನೇಲಿ ಅಕ್ಕಂಗೆ ಎಂಟನೇ ಕ್ಲಾಸಲ್ಲಿ ಸಿಕ್ಕಿದ್ದ ಸೈಕಲ್ಲನ್ನ ಈಗ ತುಳೀತಿರೋ ತಮ್ಮ. ಆ ಯೋಜನೆ ಶುರುವಾಗಿದ್ದು 2006-07ರಲ್ಲಿ. ಸರ್ಕಾರ ಸೈಕಲ್ ಕೊಡ್ತು, ತುಳಿಯೋಕೆ ಜಾಗ ಕೊಡೋದು ಮರ್ತ್ಬಿಡ್ತು, ಕೊರೋನಾ ಬಂದ ಹೊತ್ತಿಗೆ ಸೈಕಲ್ ಕೊಡೋದನ್ನೂ ನಿಲ್ಲಿಸ್ತು, ಲೆಕ್ಕ ಚುಕ್ತಾ.

ಜರ್ಮನಿಯಲ್ಲಿ ಕಾರಿನೋನು ಸೈಕಲ್ಲನ್ನ ಓವರ್‌ಟೇಕ್ ಮಾಡ್ಬೇಕಾದ್ರೆ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಜಾಗ ಬಿಡ್ಬೇಕು ಅಂತ 2020ರಲ್ಲಿ ರೂಲ್ ಮಾಡಿದ್ರು. ನಮ್ಮ ಅಳತೆ ಬೇರೆ. ಸೈಕಲ್ ಹ್ಯಾಂಡಲ್‌ಗೂ ಕಾರಿನ ಕನ್ನಡಿಗೂ ಮಧ್ಯ ಒಂದು ಬೀಡಿ ತೂರಿದ್ರೆ ಸಾಕು, ಅದು ಸೇಫ್ ಡಿಸ್ಟೆನ್ಸು. ಬೀಡಿ ತೂರದೇ ಇದ್ದಾಗ ಏನಾಗುತ್ತೆ ಅನ್ನೋದೇ ನೋಡೋ ಥರ ಇರೋದು.

ಸೈಕಲ್ಲೋನು ಚರಂಡೀಲಿ ಬಿದ್ದಿರ್ತಾನೆ. ಸುತ್ತ ಹದಿನೈದು ಜನ ಸೇರ್ತಾರೆ. ಯಾರೂ ಕಾರಿನೋನ್ನ ಏನೂ ಕೇಳಲ್ಲ, ಎಲ್ಲಾ ಕ್ವೆಶ್ಚನ್ನೂ ಬಿದ್ದೋನಿಗೇ. "ಯಾಕಣ್ಣ, ನೋಡ್ಕೊಂಡು ಹೋಗ್ಬಾರ್ದಾ?" "ಈ ವಯಸ್ಸಲ್ಲಿ ಯಾಕಜ್ಜ ಹೈವೇಗೆ ಬಂದೆ?" "ಹೆಲ್ಮೆಟ್ ಎಲ್ಲಿ?" ಹಿಂದಿಂದ ಬಂದು ಗುದ್ದಿರೋದು ಸ್ವಾಮಿ, ತಾತಂಗೆ ಬೆನ್ನಲ್ಲಿ ಕಣ್ಣಿದ್ದಿದ್ರೆ ನೋಡ್ಕೊಂಡೇ ಹೋಗ್ತಿದ್ದ. ಅಷ್ಟ್ರಲ್ಲಿ ಕಾರಿನೋನು ಇಳ್ದು ಮೊದಲು ಬಂಪರ್ ಸವರಿ ನೋಡ್ತಾನೆ, ಆಮೇಲೆ ಫೋನ್ ತೆಗೀತಾನೆ, 108ಕ್ಕಲ್ಲ, ಅವನಿಗೆ ಗೊತ್ತಿರೋ ಯಾವ್ದೋ ಲೀಡರ್ ಅಣ್ಣಂಗೆ. ಅಣ್ಣ ಫೋನಲ್ಲೇ ತೀರ್ಮಾನ ಮಾಡ್ತಾರೆ, "ಆಸ್ಪತ್ರೆ ಖರ್ಚು ನೋಡ್ಕೋ, ಕೇಸ್ ಗೀಸ್ ಬೇಡ". ಬಾನೆಟ್ ಮೇಲೇ ಕಾಂಪ್ರಮೈಸ್ ಪತ್ರ. ಬೆಂಡಾದ ರಿಮ್ ಯಾರ ಲೆಕ್ಕಕ್ಕೂ ಬರಲ್ಲ.

ಕೇಸ್ ಆದ್ರೂ ಪವಾಡಕ್ಕೇನೂ ಕೊರತೆ ಇಲ್ಲ. ಗುದ್ದಿದಾಗ ಸ್ಟೇರಿಂಗ್ ಹಿಂದೆ ಇದ್ದದ್ದು ಮೀಸೆ ಚಿಗುರದ ಹುಡುಗ, ಸಂಜೆ ಸ್ಟೇಷನ್‌ಗೆ ಬರೋ ಹೊತ್ತಿಗೆ ಅದೇ ಹುಡುಗ ನಲವತ್ತೈದು ವರ್ಷದ, ತಲೆ ನರೆತ, ಬ್ಯಾಡ್ಜ್ ಇರೋ ಸಂಬಳದ ಡ್ರೈವರ್ ಆಗಿರ್ತಾನೆ. ಮೈನರ್ ಕೈಗೆ ಗಾಡಿ ಕೊಟ್ರೆ ಅಪ್ಪಂಗೆ ಮೂರು ವರ್ಷದ ತನಕ ಜೈಲು, 25,000 ದಂಡ ಅಂತ 2019ರಲ್ಲಿ ಕಾನೂನು ಬಂತಲ್ಲ, ಅವತ್ತಿಂದ ಹುಡುಗ್ರು ಹಿಂಗೆ ಒಂದೇ ದಿನಕ್ಕೆ ಮುದುಕರಾಗ್ತಿದಾರೆ. ಆಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಗಾಡಿ ಚೆಕ್ ಮಾಡಿ ರಿಪೋರ್ಟ್ ಬರೀತಾರೆ, ಬ್ರೇಕ್ ಸರಿ ಇದೆ, ಸ್ಟೇರಿಂಗ್ ಸರಿ ಇದೆ, ಅಪಘಾತ ಯಾಂತ್ರಿಕ ದೋಷದಿಂದ ಆಗಿಲ್ಲ. ಕಾರಿಗೆ ನಡತೆ ಪ್ರಮಾಣಪತ್ರ ಸಿಕ್ತು. ದೋಷ ಕಾರಲ್ಲಿಲ್ಲ ಅಂದ್ಮೇಲೆ ಓಡಿಸ್ದೋನಲ್ಲೇ ಇರ್ಬೇಕಲ್ವಾ ಅಂತ ಕೇಳಂಗಿಲ್ಲ, ಅವ್ನು ಸ್ಟೇಷನ್ ಬೇಲ್ ತಗೊಂಡು ಅದೇ ಕಾರಲ್ಲಿ ಮನೆಗೆ ಹೋಗಿ ಊಟಾನೂ ಮಾಡಿ ಆಗಿರುತ್ತೆ. ಪರಿಹಾರ ಕೊಡೋದು ಇನ್ಶೂರೆನ್ಸ್ ಕಂಪನಿ, ವಾದ ಮಾಡೋದು ಕಂಪನಿ ವಕೀಲರು, ಕೋರ್ಟಿಗೆ ಅಲೆಯೋದು ಕಾಲು ಮುರ್ಕೊಂಡೋನು. ಇಡೀ ನಾಟಕದಲ್ಲಿ ಡ್ರೈವರ್‌ಗೆ ಡೈಲಾಗೇ ಇಲ್ಲ.

ಈಗ ಕಾನೂನಿನ ಬುಕ್ ತೆಗೀರಿ, ಅಲ್ಲಿ ಇನ್ನೂ ಮಜಾ ಇದೆ. ಅಡ್ಡಾದಿಡ್ಡಿ ಓಡಿಸಿ ಜನರ ಪ್ರಾಣಕ್ಕೆ ಅಪಾಯ ತಂದ್ರೆ ಆರು ತಿಂಗಳ ತನಕ ಜೈಲು, ಅಥವಾ ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ ಅಂತ ಬ್ರಿಟಿಷರು 1860ರ ದಂಡ ಸಂಹಿತೆಯ 279ನೇ ಕಲಂನಲ್ಲಿ ಬರೆದ್ರು. ಮೋಟಾರ್ ಕಾರು ಹುಟ್ಟೋಕೇ ಇನ್ನೂ ಇಪ್ಪತ್ತೈದು ವರ್ಷ ಇತ್ತು, ಅದು ಕುದುರೆ, ಸಾರೋಟು ಓಡಿಸೋರಿಗೆ ಅಂತ ಇಟ್ಟ ದಂಡ, ಅವತ್ತಿನ ಸಾವಿರ ಅಂದ್ರೆ ಸಾಹುಕಾರನ ಕೈಯೂ ನಡುಗೋ ದುಡ್ಡು. 2023ರಲ್ಲಿ ವಸಾಹತುಶಾಹಿ ಕಾನೂನು ಕಿತ್ತಾಕ್ತೀವಿ ಅಂತ ಭಾರತೀಯ ನ್ಯಾಯ ಸಂಹಿತೆ ತಂದ್ರು, 279 ಹೋಗಿ 281 ಆಯ್ತು, ಸಾವಿರ ರೂಪಾಯಿ ಸಾವಿರವೇ ಉಳೀತು! ಇವತ್ತು ಆ ದುಡ್ಡಿಗೆ ಹತ್ತು ಲೀಟರ್ ಪೆಟ್ರೋಲ್ ಬರಲ್ಲ. ನಮ್ಮ ಮುದ್ದೇನಹಳ್ಳೀಲಿ ಸರ್ ಎಂ.ವಿ. ಹುಟ್ಟಿದ್ದೂ ಹೆಚ್ಚುಕಮ್ಮಿ ಆ ದಂಡ ಹುಟ್ಟಿದ ಕಾಲಕ್ಕೇ, ಅವ್ರು ನೂರು ವರ್ಷ ಬಾಳಿ 1962ರಲ್ಲಿ ಹೋದ್ರು, ದಂಡ ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದೆ. (ಮೋಟಾರು ವಾಹನ ಕಾಯ್ದೆಯಲ್ಲಿ 184 ಅಂತ ಇನ್ನೊಂದಿದೆ, ಅದ್ರಲ್ಲಿ ಮೊದಲನೇ ಸಲಕ್ಕೆ ಐದು ಸಾವಿರದ ತನಕ ದಂಡ. ಭಯ ಆಯ್ತಾ?)

ಗುದ್ದಿ ಓಡಿಹೋಗಿ, ಬಿದ್ದೋನು ಸತ್ರೆ ಹತ್ತು ವರ್ಷ ಅಂತ ಅದೇ ಹೊಸ ಸಂಹಿತೇಲಿ 106(2) ಅಂತ ಒಂದು ಕಲಂ ಹಾಕಿದ್ರು. 2024ರ ಜನವರೀಲಿ ಲಾರಿ ಡ್ರೈವರ್‌ಗಳು ಸ್ಟ್ರೈಕ್ ಮಾಡಿದ್ರು, ಪೆಟ್ರೋಲ್ ಬಂಕ್‌ಗಳ ಮುಂದೆ ಕ್ಯೂ ಆಯ್ತು. ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಬಾಕಿ ಎಲ್ಲಾ ಬಂತು, ಅದೊಂದನ್ನ ಪಕ್ಕಕ್ಕಿಟ್ಟು ಬಂದ್ರು. ನ್ಯಾಯವಾಗಿ ಹೇಳ್ಬೇಕಂದ್ರೆ ಡ್ರೈವರ್‌ಗಳ ಭಯ ಸುಳ್ಳಲ್ಲ, ನಿಂತ್ರೆ ಜನ ಹೊಡೀತಾರೆ, ಓಡಿದ್ರೆ ಕಾನೂನು ಹಿಡಿಯುತ್ತೆ. ನಮ್ಮ ಕ್ರಷರ್ ಕಡೆಯಿಂದ ಜಲ್ಲಿ ತುಂಬ್ಕೊಂಡು ಬರೋ ಟಿಪ್ಪರ್ ನೋಡಿ, ಡ್ರೈವರ್‌ಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು ಅಂದ್ರೆ ಅವ್ನು ಇನ್ಹೆಂಗೆ ಓಡಿಸ್ತಾನೆ? ಟ್ರಿಪ್ ಲೆಕ್ಕ ಹಾಕಿದ ಓನರ್‌ನ ಯಾವ ಮಹಜರಲ್ಲಾದ್ರೂ ನೋಡಿದೀರಾ? ಇನ್ನು ಗುದ್ದಿದೋನು ಸಿಗ್ಲೇ ಇಲ್ಲ ಅಂದ್ರೆ ಸತ್ತೋನ ಮನೆಗೆ ಸರ್ಕಾರದ ಸ್ಕೀಮಲ್ಲಿ 2 ಲಕ್ಷ. ಇದೂ 2022ರಿಂದ, ಅದಕ್ಕೆ ಮುಂಚೆ 25,000 ಇತ್ತು. ಬೆಟ್ಟಕ್ಕೆ ಬರೋ ಬಿಗಿ ಬಟ್ಟೆಯೋರ ಕಾರ್ಬನ್ ಸೈಕಲ್‌ಗಳಲ್ಲಿ ಎಷ್ಟೋ ಸೈಕಲ್‌ಗೇ ಅದಕ್ಕಿಂತ ಜಾಸ್ತಿ ರೇಟು.

ದಂಡ ಅಂದ್ಕೂಡ್ಲೇ ಡಿಸ್ಕೌಂಟ್ ನೆನಪಾಯ್ತು ನೋಡಿ. 2019ರ ಸೆಪ್ಟೆಂಬರಲ್ಲಿ ಕೇಂದ್ರ ದಂಡ ಏರಿಸ್ತು, ಜನ ಬೊಬ್ಬೆ ಹೊಡೆದ್ರು, ಅದೇ ತಿಂಗಳು ನಮ್ಮ ರಾಜ್ಯ ಎಷ್ಟೋ ದಂಡಗಳನ್ನ ಇಳಿಸ್ತು. 2023ರ ಫೆಬ್ರವರೀಲಿ ಬಾಕಿ ಇರೋ ಟ್ರಾಫಿಕ್ ದಂಡಕ್ಕೆ ಆಷಾಢದ ಸೀರೆ ಸೇಲ್ ಥರ 50 ಪರ್ಸೆಂಟ್ ರಿಯಾಯಿತಿ, ಜನ ಮುಗಿಬಿದ್ದು ಕಟ್ಟಿದ್ರು, 2025ರಲ್ಲೂ ಆಫರ್ ಬಂತು. ಟೈಮಿಗೆ ಸರಿಯಾಗಿ ಫುಲ್ ದಂಡ ಕಟ್ಟಿದ್ದೋನು ಪೆದ್ದ ಆದ. ಹಿಂದೆಲ್ಲಾ ಸೈಕಲ್‌ಗೆ ಡೈನಮೋ ಲೈಟ್ ಇಲ್ಲ ಅಂತ ಪೊಲೀಸಪ್ಪ ನಿಲ್ಲಿಸಿ ಟೈರ್ ಗಾಳಿ ಬಿಡ್ತಿದ್ದ ಅಂತ ದೊಡ್ಡೋರು ಹೇಳ್ತಾರೆ, ಅವ್ರಿಗೆ ಯಾವ ಆಫರೂ ಇರ್ಲಿಲ್ಲ ಪಾಪ.

ಹಂಗಾದ್ರೆ ನಮ್ಮ ಜಿಲ್ಲೇಲಿ ಕಾರಿನೋರು ಯಾರಿಗೂ ಹೆದರಲ್ವಾ ಅಂದ್ರೆ ಹೆದರ್ತಾರೆ, ಹಂಪ್‌ಗೆ. ಹಂಪ್ ಸಾಹೇಬ್ರು ಒಬ್ರೇ ನೋಡಿ, ಲೀಡರ್ ಅಣ್ಣನ ಫೋನ್ ಎತ್ತಲ್ಲ, ಸಾಕ್ಷಿ ಕೇಳಲ್ಲ, ವಾಯಿದಾ ಕೊಡಲ್ಲ, ಗಾಜಿನ ಮೇಲೆ ಪ್ರೆಸ್ ಅಂತಿದ್ರೂ ಅಧ್ಯಕ್ಷರು ಅಂತಿದ್ರೂ ಚಾಸಿಸ್‌ಗೆ ಸ್ಥಳದಲ್ಲೇ ಶಿಕ್ಷೆ. ಅದಕ್ಕೇ ಊರೋರು ಇಬ್ರನ್ನೋ ಮೂವರನ್ನೋ ಕಳ್ಕೊಂಡ ಮೇಲೆ ಅರ್ಜಿ ಬರೆಯೋದು ಬಿಟ್ಟು, ರಾತ್ರೋರಾತ್ರಿ ಟ್ರ್ಯಾಕ್ಟರಲ್ಲಿ ಮಣ್ಣು, ಜಲ್ಲಿ ತಂದು ತಾವೇ ಒಂದು ಸಾಹೇಬ್ರನ್ನ ಪೋಸ್ಟಿಂಗ್ ಮಾಡ್ಕೊಂಡ್ಬಿಡ್ತಾರೆ.

ಆಗ ನೋಡ್ಬೇಕು ಇಲಾಖೆ ಸ್ಪೀಡು. ಅಷ್ಟು ದಿನ ಅರ್ಜಿಗೆ ಉತ್ತರ ಕೊಡದೋರು ವಾರದೊಳಗೆ ಜೆಸಿಬಿ ಸಮೇತ ಹಾಜರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರ್ಬೇಕು, ಇದು ಅವೈಜ್ಞಾನಿಕ, ನ್ಯಾಷನಲ್ ಹೈವೇಲಂತೂ ಹಂಪ್ ಹಾಕೋ ಹಂಗೇ ಇಲ್ಲ ಅಂತ ಟೇಪ್ ಹಿಡಿದು ಅಳತೆ ತಗೊಂಡು, ಫೋಟೋ ಹೊಡ್ದು, ಕೆರೆದು ಎತ್ಕೊಂಡು ಹೋಗ್ತಾರೆ. ಹೋಗೋ ಮುಂಚೆ ಮರೀದೇ ಕೇಳೋ ಪ್ರಶ್ನೆ ಒಂದೇ, "ಇದನ್ನ ಹಾಕಿದೋರು ಯಾರು, ಹೆಸ್ರು ಹೇಳಿ, ಕೇಸ್ ಹಾಕ್ಬೇಕು."