ಡಬ್ಬಿಯ ಮೇಲಿನ ಬೆಳಕು

ಟಾರ್ಚಿನ ಡಬ್ಬಿ ಓದಿದರೆ ಸೂರ್ಯನ ಕೆಲಸ ಇನ್ನೇನು ಹೋಯಿತು ಅನಿಸುತ್ತದೆ. ನಮ್ಮ ಗುಂಪಿನ ಗೆಳೆಯನೊಬ್ಬ ಅದನ್ನು ನಂಬಿ, 10,000 ಲ್ಯೂಮೆನ್ (ದೀಪ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಅಂತ ಬರೆದಿದ್ದ ಟಾರ್ಚ್ ಹಿಡಿದು ಗುಹೆಗೆ ಬಂದ. ಒತ್ತಿದ. ನಿಜಕ್ಕೂ ಹಗಲಾಯಿತು. ಸ್ವಲ್ಪ ಹೊತ್ತಿಗೇ ಟಾರ್ಚ್ ಕೈ ಸುಡುವಷ್ಟು ಬಿಸಿಯಾಗಿ, ತಾನೇ ಬೆಳಕು ತಗ್ಗಿಸಿಕೊಂಡಿತು. ಅವನಿಗೆ ಸಿಟ್ಟು. ಇಬ್ಬರಲ್ಲಿ ಬುದ್ಧಿವಂತ ಯಾರು ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ಡಬ್ಬಿ ಪೂರ್ತಿ ಸುಳ್ಳಲ್ಲ, ಸ್ವಲ್ಪ ಜಾಣತನ ಅಷ್ಟೇ. ಅದರ ಮೇಲೆ ‘300 ಮೀಟರ್’ ಅಂತಿದ್ದರೆ ಅಷ್ಟು ದೂರದಲ್ಲಿ ಬೀಳುವ ಬೆಳಕು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ‘10 ಗಂಟೆ’ ಅಂದರೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ. ಅಳೆಯುವ ನಿಯಮವೇ ಹಾಗಿದೆ. ಲ್ಯೂಮೆನ್ ದುಪ್ಪಟ್ಟಾದರೆ ಕಣ್ಣಿಗೆ ದುಪ್ಪಟ್ಟು ಕಾಣುವುದೂ ಇಲ್ಲ, ಅದಕ್ಕೆ ಸುಮಾರು ನಾಲ್ಕು ಪಟ್ಟು ಬೇಕು. ಕಾಲಡಿ ಕಲ್ಲು ನೋಡಿಕೊಂಡು ನಡೆಯುವುದಕ್ಕೆ 200 ಲ್ಯೂಮೆನ್ ಧಾರಾಳ.

ಬ್ಯಾಟರಿಯ ಮಾತೇ ಬೇರೆ. ಅಲ್ಲಿ ನಿಜವಾದ ಸುಳ್ಳೇ ಇರುತ್ತದೆ. ಇಂಥ ಟಾರ್ಚಿಗೆ ಹಾಕುವ 18650 ಸೆಲ್ ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ ಹಿಡಿಯುವುದು 3,500 ಎಂಎಎಚ್ (ಸೆಲ್‌ನಲ್ಲಿ ಹಿಡಿಯುವ ಚಾರ್ಜಿನ ಅಳತೆ) ಆಸುಪಾಸು. ಮೇಲೆ 9,900 ಅಂತ ಬರೆದಿದ್ದರೆ ಉಳಿದದ್ದು ಬರೆದವನ ಧೈರ್ಯ.

ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಇದ್ದರೆ ಎರಡು ಕೈಯೂ ಖಾಲಿ, ಗೋಡೆ ಹಿಡಿದು ಹತ್ತಬಹುದು. ಆದರೆ ಹಾಕಿಕೊಂಡವರು ಸಭ್ಯರಾಗಿರಬಾರದು. ‘ದಾರಿ ಯಾವ ಕಡೆ?’ ಅಂತ ಕೇಳಿ ನೋಡಿ. ಪಾಪ, ಮರ್ಯಾದೆಯಿಂದ ನಿಮ್ಮ ಮುಖ ನೋಡಿಯೇ ಉತ್ತರ ಕೊಡುತ್ತಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅದು ಒಂದು ಕ್ಷಣದಲ್ಲಿ ಮಣ್ಣುಪಾಲು. ‘ಕಣ್ಣಿಗೆ ಬಿಡಬೇಡಿ’ ಅಂದರೆ, ‘ಏನಂದ್ರಿ?’ ಅಂತ ಮತ್ತೆ ತಿರುಗುತ್ತಾರೆ! ಹೌದು ಅಂತ ತಲೆ ಆಡಿಸಿದರೆ ಗುಹೆಯೇ ಮೇಲೆ ಕೆಳಗೆ ಕುಣಿಯುತ್ತದೆ. ಊರಲ್ಲಿರುವ ಹುಳುವೆಲ್ಲ ಅವರ ಹಣೆಗೆ ಬಂದು, ಅಲ್ಲಿಂದ ಬಾಯಿಗೆ ಇಳಿಯುತ್ತದೆ. ಇದೊಂದೇ ನ್ಯಾಯ.

ಗುಹೆಗಿಳಿದು ಪಳಗಿದವರು ಒಬ್ಬೊಬ್ಬರಿಗೂ ಮೂರು ದೀಪ ಬೇಕು ಅನ್ನುತ್ತಾರೆ. ನಮ್ಮ ಜೊತೆ ಬಂದ ಹಿರಿಯರೊಬ್ಬರು ಮೂರೂ ತಂದಿದ್ದರು. ಮೂರಕ್ಕೂ ಸೇರಿ ಸೆಲ್ ಮಾತ್ರ ಒಂದೇ.

‘ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದರಾಯ್ತು’ ಅಂದರು.

‘ಕತ್ತಲಲ್ಲಿ ಹೇಗೆ ಹಾಕ್ತೀರಿ ಸಾರ್?’

‘ಮೊಬೈಲ್ ಇದೆಯಲ್ಲ!’

ಮೊಬೈಲಲ್ಲಿ ಶೇಕಡಾ 4 ಚಾರ್ಜ್ ಇತ್ತು.