24 ಮೀಟರ್‌ಗಿಂತ ಗಿಡ್ಡ ಬೋಟಿನವರು ಸಾಯುವುದಿಲ್ಲವಂತೆ

ಮೀನು ಹಿಡಿಯುವವರ ಜೀವದ ಬಗ್ಗೆ ಜಗತ್ತು ತಲೆಕೆಡಿಸಿಕೊಂಡಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಕ್ಕಾಪಟ್ಟೆ ಸಭೆ ಮಾಡಿದ್ದಾರೆ. 1977ರಲ್ಲಿ ಸ್ಪೇನಿನ ಟೊರೆಮೊಲಿನೋಸ್‌ನಲ್ಲಿ ದೇಶದೇಶಗಳವರು ಕೂತು ಮೀನುಗಾರಿಕೆ ಬೋಟುಗಳ ಸುರಕ್ಷತೆಗೆ ಒಪ್ಪಂದ ಬರೆದರು. ಅದು ಜಾರಿಗೇ ಬರಲಿಲ್ಲ. ಜಾಸ್ತಿ ಬಿಗಿಯಾಯಿತು ಎಂದು 1993ರಲ್ಲಿ ಸಡಿಲ ಮಾಡಿದರು, ಅದೂ ಬರಲಿಲ್ಲ. 2012ರಲ್ಲಿ ಕೇಪ್‌ಟೌನ್‌ನಲ್ಲಿ ಮತ್ತೆ ಕೂತು ಇನ್ನೂ ಸಡಿಲ ಮಾಡಿ, ಕನಿಷ್ಠ 22 ದೇಶ ಒಪ್ಪಬೇಕು, ಅವುಗಳ ಬಳಿ ಒಟ್ಟು 3,600 ದೊಡ್ಡ ಬೋಟು ಇರಬೇಕು, ಆಮೇಲೆ ಜಾರಿ ಎಂದರು. ಬಿರುಗಾಳಿಗೆ ಮಾತ್ರ ಇಂಥ ಷರತ್ತು ಯಾವುದೂ ಇಲ್ಲ ನೋಡಿ, ಒಂದು ದೇಶವೂ ಸಹಿ ಹಾಕದಿದ್ದರೂ ಬರುತ್ತದೆ.

ದೊಡ್ಡ ಬೋಟು ಅಂದೆನಲ್ಲ, ಅಂದರೆ 24 ಮೀಟರ್ ಮತ್ತು ಅದಕ್ಕಿಂತ ಉದ್ದದ್ದು. ಜಗತ್ತಿನ ಮೋಟಾರ್ ಬೋಟುಗಳಲ್ಲಿ ಹೆಚ್ಚಿನವು 12 ಮೀಟರ್ ಕೂಡ ಇಲ್ಲ. ಅವುಗಳನ್ನು ಮಗುಚುವ ಮುಂಚೆ ಅಲೆ ಬಹುಶಃ ಟೇಪು ಹಿಡಿದು ಅಳೆಯುತ್ತದೆ, ಗಿಡ್ಡ ಕಂಡರೆ ವಾಪಸ್ ಹೋಗುತ್ತದೆ.

ಹಡಗುಗಳಿಗಾದರೆ ಟೈಟಾನಿಕ್ ಮುಳುಗಿದ ಎರಡೇ ವರ್ಷಕ್ಕೆ, 1914ರಲ್ಲಿ, ಕಡಲಲ್ಲಿ ಜೀವ ಕಾಯುವ ಸೊಲಾಸ್ ಎಂಬ ಒಪ್ಪಂದ ಸಿದ್ಧವಾಯಿತು. ಈಗಿರುವುದು 1974ರದ್ದು. ಅದರ ಬಹುತೇಕ ನಿಯಮಗಳಿಂದ ಮೀನುಗಾರಿಕೆ ಬೋಟುಗಳನ್ನು ಹೊರಗಿಟ್ಟಿದ್ದಾರೆ. ಹೀಗಾಗಿ ಹಿಡಿದ ಮೀನು ಐಸಿನಲ್ಲಿ ಮಲಗಿ ದೊಡ್ಡ ಸರಕು ಹಡಗು ಹತ್ತಿತೋ, ಸೊಲಾಸ್ ನೆರಳಿಗೆ ಬಂತು. ಜೀವ ಹೋದ ಮೇಲೆ ಮೀನಿಗೆ ಸಿಕ್ಕ ಈ ಭಾಗ್ಯ, ಜೀವ ಇರುವಾಗ ಅದನ್ನು ಹಿಡಿದವನಿಗೆ ಇಲ್ಲ.

ನಿದ್ದೆಗೂ ನಿಯಮ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2007ರಲ್ಲಿ ಬರೆದದ್ದು, ಜಾರಿಗೆ ಬಂದದ್ದು 2017ರಲ್ಲಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ. ಒಳ್ಳೆಯದೇ, ಆದರೆ ಮೂರು ದಿನಕ್ಕಿಂತ ಜಾಸ್ತಿ ಕಡಲಲ್ಲಿರುವ ಬೋಟಿಗೆ ಮಾತ್ರ. ಎರಡು ದಿನ ರೆಪ್ಪೆ ಮುಚ್ಚದೆ ಬಲೆ ಎಳೆದವನಿಗೆ ಸುಸ್ತು ಎಂಬುದೇ ಇರುವುದಿಲ್ಲ ಅಲ್ವಾ?

ಇದನ್ನೆಲ್ಲ ಮೀರಿಸಿದ್ದು ಅಮೆರಿಕದ ಅಲಾಸ್ಕಾದಲ್ಲಿ ಹ್ಯಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನಿಗಾಗಿ ನಡೆದ ಓಟ. ಮೀನು ಉಳಿಯಲಿ ಎಂದು ಹಿಡಿಯುವ ದಿನಗಳನ್ನು ಕಡಿಮೆ ಮಾಡುತ್ತಾ ಹೋದರು. 1990ರ ದಶಕದ ಆರಂಭಕ್ಕೆ ಹಲವು ಕಡೆ ವರ್ಷವಿಡೀ ಉಳಿದದ್ದು 24 ಗಂಟೆಯ ಒಂದೆರಡು ಅವಕಾಶ. ಆ ದಿನ ಗಾಳಿ ಬೀಸಿದರೂ, ಎಂಜಿನ್ ಕೆಮ್ಮಿದರೂ, ಕೈಗೆ ಕೊಕ್ಕೆ ಚುಚ್ಚಿದರೂ ಹೋಗಲೇಬೇಕು, ಇಲ್ಲದಿದ್ದರೆ ಮುಂದಿನ ಅವಕಾಶದವರೆಗೆ ಸಂಪಾದನೆ ಇಲ್ಲ. ಬೋಟು ತುಂಬಿ ಉಕ್ಕುವಷ್ಟು ಮೀನು ಹೇರಿಕೊಂಡು ಬರುವವರು, ಮುಳುಗುವವರು. ಹವಾಮಾನ ಇಲಾಖೆ ಬೇಡ ಅನ್ನುವುದು, ಮೀನುಗಾರಿಕೆ ಕ್ಯಾಲೆಂಡರು ಇವತ್ತೇ ಅನ್ನುವುದು. 1995ರಲ್ಲಿ ಹಿಡಿಯುವ ಮೀನಿನಲ್ಲಿ ಒಬ್ಬೊಬ್ಬರಿಗೆ ಇಂತಿಷ್ಟು ಪಾಲು ಎಂದು ಹಂಚಿದ ಮೇಲೆ ಓಟ ನಿಂತಿತು. ಗಾಳಿ ಇಳಿಯಲಿ, ನಾಳೆ ಹೋಗೋಣ ಎನ್ನುವ ಮಾತಿಗೆ ಕೊನೆಗೂ ಅನುಮತಿ ಸಿಕ್ಕಿತು. (ಪಾಲು ಯಾರ ಜೇಬು ಸೇರಿತು ಎಂಬ ಜಗಳ ಬೇರೆ.)

ಉಳಿದ ಕಡೆ ಪರಿಹಾರ ಸುಲಭ: ಎಚ್ಚರವಿರಲಿ ಎಂಬ ಪೋಸ್ಟರು. ಲೈಫ್ ಜಾಕೆಟ್ ಬೋಟಿನಲ್ಲಿದೆ, ತಪಾಸಣೆಯವರು ಬಂದಾಗ ಎಣಿಸಿ ತೋರಿಸಲು ಪ್ಲಾಸ್ಟಿಕ್ ಕೂಡ ಬಿಚ್ಚದೆ ಜೋಪಾನ ಮಾಡಿದ್ದಾರೆ. ಅದು ದಪ್ಪ, ಸೆಕೆ, ಬಲೆಗೆ ಸಿಕ್ಕಿಕೊಳ್ಳುತ್ತದೆ ಎಂದು ಕೆಲಸದವರು ಹೇಳಿದರೆ, ಅವರಿಗೆ ಅರಿವು ಸಾಲದು ಎಂದು ಇನ್ನೊಂದು ಪೋಸ್ಟರು. ತೆಳ್ಳಗಿನ, ಹಾಕಿಕೊಂಡೇ ಕೆಲಸ ಮಾಡಬಹುದಾದ ಜಾಕೆಟ್ ಸಿಗುತ್ತದೆ. ಆದರೆ ದುಡ್ಡು ಜಾಸ್ತಿ, ಪೋಸ್ಟರು ಅಗ್ಗ.

ಇನ್ನು ವಿಂಚ್, ಅಂದರೆ ಬಲೆಯ ಹಗ್ಗ ಸುತ್ತಿ ಎಳೆಯುವ ಯಂತ್ರ. ತೋಳು ಹಗ್ಗಕ್ಕೆ ಸಿಕ್ಕರೆ ಅದು ಮನುಷ್ಯನನ್ನೇ ಸುತ್ತಿಕೊಳ್ಳುತ್ತದೆ. ನಿಲ್ಲಿಸುವ ಹಿಡಿ ದೂರದಲ್ಲಿ. ಅಮೆರಿಕದ ಎಂಜಿನಿಯರುಗಳು ಇದಕ್ಕೆ ಕೈಗೆಟುಕುವ ಹಾಗೆ ಒಂದು ಗುಂಡಿ ಮಾಡಿದರು, ಒತ್ತಿದರೆ ವಿಂಚ್ ನಿಲ್ಲುತ್ತದೆ. 22 ದೇಶದ ಒಪ್ಪಿಗೆ ಬೇಡ, ಬೋಟಿನ ಉದ್ದ ಅಳೆಯುವುದೂ ಬೇಡ. ತೊಂದರೆ ಒಂದೇ, ಗುಂಡಿ ತೀರಾ ಚಿಕ್ಕದು, ಉದ್ಘಾಟನೆಗೆ ರಿಬ್ಬನ್ ಕಟ್ಟಲು ಜಾಗ ಸಾಲುವುದಿಲ್ಲ.